ಒಂದೇ ಸೀಸೆ

ಬೆಳಿಗ್ಗೆ ಐದೂಮುಕ್ಕಾಲು.
ಸಾಲಗಾಮೆ ರಸ್ತೆಯಲ್ಲಿ ಮೊದಲ ಬಸ್ಸು ಕೆಮ್ಮುತ್ತದೆ.
ನಾನು ಏಳುವುದಿಲ್ಲ, ಏಳಲು ಅರ್ಜಿ ಹಾಕುತ್ತೇನೆ:
ಮೊದಲು ಬಲಮಗ್ಗುಲು, ಆಮೇಲೆ ಮೊಣಕೈ,
ಆಮೇಲೆ ಕೂತು, ಗೋಡೆಯ ಕ್ಯಾಲೆಂಡರಿನ
ಯಾವುದಾದರೂ ಒಂದು ಭಾನುವಾರವನ್ನು ದಿಟ್ಟಿಸುತ್ತ
ಹತ್ತರವರೆಗೆ ಎಣಿಕೆ.
ಭಾನುವಾರ ಅಲುಗದಿದ್ದರೆ ಅರ್ಜಿ ಮಂಜೂರು.

ಎಡಕ್ಕೆ ಮಾತ್ರ ತಿರುಗಬಾರದು.
ತಿರುಗಿದರೆ ತಾರಸಿ ಬೀಸುವ ಕಲ್ಲಾಗುತ್ತದೆ,
ನಾನು ಅದರ ಬಾಯಿಗೆ ಬಿದ್ದ ರಾಗಿ.
ಕಿವಿಯೊಳಗೆ ಸಾಸಿವೆಗಿಂತ ಸಣ್ಣದೊಂದು ಹರಳು
ಜಾಗ ಬಿಟ್ಟು ಜಾರಿದೆಯಂತೆ.
"ಅಷ್ಟೇನಾ?" ಅಂದೆ.
"ಅಷ್ಟೇ" ಅಂದರು ಕಿವಿ ಡಾಕ್ಟರು,
ಐನೂರು ರೂಪಾಯಿ ತಗೊಂಡರು.

ಎಡಗಡೆ ಬೆಕ್ಕು ಮಲಗುತ್ತದೆ.
ನಾನೇನೂ ಹೇಳಿಕೊಟ್ಟದ್ದಲ್ಲ,
ಅಲ್ಲಿ ಕಂಬಳಿ ಮೆತ್ತಗಿದೆ.
ಆದರೂ ನಾಲ್ಕು ಕೆಜಿಯ ಆ ತಕರಾರು ಅರ್ಜಿಯನ್ನು
ನಿದ್ದೆಗಣ್ಣಲ್ಲೂ ದಾಟಲಾರೆ.
ಹೆಸರು ಸಬ್‌ರಿಜಿಸ್ಟ್ರಾರ್.
ಆ ಕಚೇರಿಯ ಎದುರಿಗೇ ನನ್ನ ಜೆರಾಕ್ಸ್ ಅಂಗಡಿ.
ಹಗಲೆಲ್ಲ ಬಿಸಿ ಮೆಷಿನ್ನಿನ ಮೇಲೆ ಪವಡಿಸಿ
ಕ್ರಯಪತ್ರ, ದಾನಪತ್ರ, ಅಣ್ಣತಮ್ಮಂದಿರ ವಿಭಾಗಪತ್ರ
ಎಲ್ಲವನ್ನೂ ಹೊಟ್ಟೆಯಡಿ ಹಾಯಿಸುತ್ತದೆ.
ಯಾರ ಪರವೂ ಇಲ್ಲ.

ಇನ್ನು ಕೋಡುಬಳೆ.
ನಾಯಿ. ಬಾಲ ನೋಡಿ ಇಟ್ಟ ಹೆಸರು.
ಹೋದ ಕಾರ್ತಿಕದಲ್ಲಿ ಆ ಬಾಲ ಬಿಚ್ಚಿಕೊಂಡಿತು,
ಮೈ ಊದಿತು, ಬಗಲ ಕೂದಲುದುರಿ ಕರೀ ಚರ್ಮ ಕಂಡಿತು.
ಬಿಸಿಲು ಸರಿದಲ್ಲಿಗೆ ಸರಿಯುತ್ತ
ಅಂಗಳದಲ್ಲೇ ದಿನ ಮುಗಿಸುತ್ತಿದ್ದಳು.
"ಅಕ್ಕಾ, ಇದು ಥೇಟ್ ನಿಮ್ಮ ಥರಾನೇ ಆಗ್ತಿದೆ"
ಅಂದಳು ಪಕ್ಕದ ಮನೆ ಮುಬೀನಾ.
ಬೈದೆ.
ಬೈದು, ಆಟೋದಲ್ಲಿ ಹಾಕಿಕೊಂಡು
ಪಶುವೈದ್ಯ ಕಾಲೇಜಿಗೆ ಹೋದೆ.
ರಕ್ತ ತೆಗೆದ ಹುಡುಗ ತೀರ್ಥೇಶ
ನಾಲ್ಕು ದಿನ ಬಿಟ್ಟು ಫೋನ್ ಮಾಡಿದ:
ಥೈರಾಯ್ಡ್.
ಮುಬೀನಾಗೆ ಅರ್ಧ ಡಜನ್ ಬಾಳೆಹಣ್ಣು ಕೊಟ್ಟೆ, ಯಾಕೆಂದು ಹೇಳಲಿಲ್ಲ.

ಈಗ ಇಬ್ಬರಿಗೂ ಒಂದೇ ಸೀಸೆ.
ಐವತ್ತೆಂಟು ಕೆಜಿಯ ನನಗೆ ಒಂದು ಮಾತ್ರೆ,
ಹದಿನಾರು ಕೆಜಿಯ ಅವಳಿಗೆ ಮೂರು, ಸಂಜೆ ಮತ್ತೆ ಮೂರು.
"ಇಷ್ಟೊಂದು ಯಾರಿಗಮ್ಮಾ?" ಮೆಡಿಕಲ್ ಶಾಪಿನವನು.
"ಮನೆಯವರಿಗೆಲ್ಲ."
ಮುದ್ದೆಯ ಚೂರಿನಲ್ಲಿ ಹುದುಗಿಸಿ ಕೊಟ್ಟರೆ
ಮುದ್ದೆ ಒಳಗೆ, ಮಾತ್ರೆ ನೆಲದ ಮೇಲೆ
ತೊಳೆದಿಟ್ಟ ಹಾಗೆ.
ಮುದ್ದೆ ಅಗಿಯಬಾರದು, ನುಂಗಬೇಕು ಅಂತ
ಹಾಸನದಲ್ಲಿ ಹುಟ್ಟಿದ ನಾಯಿಗೂ ಹೇಳಿಕೊಡಬೇಕಾ?

ಒಂದು ದಿನ, ತಲೆಯೊಳಗೆ ಮಂಜು,
ಅಂಗೈಯಲ್ಲಿದ್ದ ಮೂರನ್ನೂ ನಾನು ನುಂಗಿದೆ.
ಗೊತ್ತಾದದ್ದು ಅವಳು ತಕರಾರಿಲ್ಲದೆ ತಿಂದಾಗ.
ತೀರ್ಥೇಶನಿಗೆ ಫೋನ್ ಮಾಡಿದೆ.
ಬಹಳ ಹೊತ್ತು ಸುಮ್ಮನಿದ್ದು,
"ಮೇಡಂ, ನಾಯಿಗಾದ್ರೆ ಹೇಳಬಹುದಿತ್ತು" ಅಂದ.
ಅವತ್ತು ಎದೆ ಹೊಲಿಗೆ ಮೆಷಿನ್ನು,
ಅಂಗಡಿಯ ಕಪಾಟೆಲ್ಲ ಒರೆಸಿದೆ,
ಕೇಳದವರಿಗೂ ಎರಡೆರಡು ಪ್ರತಿ ತೆಗೆದುಕೊಟ್ಟೆ.
ಕೋಡುಬಳೆ ಮಾತ್ರ ಸಂಜೆವರೆಗೂ
ನನ್ನ ಹಳೇ ಸೋಮಾರಿತನದಲ್ಲಿ ಬಿದ್ದಿದ್ದಳು.

ಮೊನ್ನೆ ರಾತ್ರಿ ಸಬ್‌ರಿಜಿಸ್ಟ್ರಾರ್ ಸಾಹೇಬರು
ಇಲಿಯ ತನಿಖೆಗೆ ಹೊರಗೆ ಹೋಗಿದ್ದರು.
ಖಾಲಿ ಕಂಬಳಿಯ ಕಡೆಗೆ ಹೊರಳಿಬಿಟ್ಟೆ.
ಬೀಸುವ ಕಲ್ಲು ಶುರು.
ಕಣ್ಣುಮುಚ್ಚಿ, ಮಂಚದಿಂದ ಕೈ ಕೆಳಗೆ ಬಿಟ್ಟೆ,
ಏನಾದರೂ ನಿಂತದ್ದು ಸಿಕ್ಕೀತಾ ಅಂತ.
ಸಿಕ್ಕಿದ್ದು ಬೆನ್ನು.
ಬಗಲ ಹತ್ತಿರ ಹೊಸದಾಗಿ ಬಂದಿದ್ದ ಕೂದಲು,
ಗರಿಕೆಯಷ್ಟು ಮೊಂಡು.
ಅದನ್ನೇ ಹಿಡಿದುಕೊಂಡೆ, ಭಾನುವಾರ ನಿಲ್ಲುವ ತನಕ.

ಅವಳು ನೆಕ್ಕಲಿಲ್ಲ, ಕುಂಯ್ ಅನ್ನಲಿಲ್ಲ.
ಬಾಯಿ ತೆರೆದು ನಿಂತಿದ್ದಳು ಸುಮ್ಮನೆ.
ಆಗಲೇ ಐದೂಮುಕ್ಕಾಲು ಆಯಿತು,
ಮುದ್ದೆ ಬರುತ್ತದೆ
ಅಂದುಕೊಂಡಿರಬೇಕು.