ನೀರು ಕನ್ನಡಿಯಾಗುವ ಹೊತ್ತು

ಹದಿಮೂರು ಪೆಟ್ಟಿಗೆ, ಒಂಬತ್ತು ಕಂಬ, ಒಂದು ಏಣಿ.
ಏಣಿ ಎಲ್ಯೂತೇರಿಯೋನದು, ವಾಪಸು ಕೊಡಬೇಕು.
ಚಿಲೋಯೆಯ ಈ ನಡುಗಡ್ಡೆಗಳಲ್ಲಿ
ಕೈಗಡ ಅಂದರೆ ಏಣಿ, ಎತ್ತು, ತೋಳು.
ಮನೆಯನ್ನೇ ಬುಡದಿಂದ ಎಬ್ಬಿಸಿ, ಹಗ್ಗ ಬಿಗಿದು,
ತೇಲಿಸಿ ಆಚೆ ದಡಕ್ಕೆ ಒಯ್ಯುವ ಜನ;
ನನ್ನ ಅಂಗೈಯಗಲದ ಆಂಟೆನಾ ನೋಡಿ
ಬಾಯಿ ಮುಚ್ಚಿಕೊಂಡು ನಕ್ಕರು.

ಮೊದಲ ಕಂಬ ಶಾಲೆಯ ಮಾಡಿಗೆ.
ಎರಡನೆಯದು ದಾದಿಯ ಕೋಣೆಗೆ.
ಮೂರನೆಯದು ಇಗರ್ಜಿಯ ಗೋಪುರಕ್ಕೆಂದು ನಕ್ಷೆ.
ಬೀಗದಕೈ ಇಟ್ಟುಕೊಂಡ ತೋರಿಬಿಯೋ,
ಅಷ್ಟೆತ್ತರದಲ್ಲಿ ಗಂಟೆಗೆ ಮಾತ್ರ ಜಾಗ, ಎಂದ.
ಸರಿ, ಆಲೂಗಡ್ಡೆಯ ಕಣಜದ ನೆತ್ತಿಗೆ ನೆಟ್ಟೆವು.

ಒಬ್ಬರು ಕೇಳಿದ್ದನ್ನು ಪಕ್ಕದವರಿಗೆ ದಾಟಿಸುವುದು,
ಪಕ್ಕದವರು ಸತ್ತರೆ ಬಳಸುದಾರಿ ಹಿಡಿಯುವುದು,
ಇಷ್ಟೇ ಇದರ ಶಾಸ್ತ್ರ, ಎಂದೆ.
ಎಲ್ಲರೂ ಎದೆಲ್ಮೀರಾಳತ್ತ ತಿರುಗಿದರು.
'ನನ್ನನ್ನೇನು ನೋಡ್ತೀರಿ?' ಎಂದಳು ಅವಳು.

ನೆಡುವುದು ನಾಲ್ಕು ದಿನ.
ಅಳೆಯುವುದು ಆರು ವಾರ.
ನಿಚ್ಚಳ ನೋಟವಿದ್ದರೆ ಹನ್ನೆರಡು ಕಿಲೋಮೀಟರ್
ಅನ್ನುತ್ತದೆ ಪೆಟ್ಟಿಗೆಯೊಳಗಿನ ಹಾಳೆ.
ಆ ಹಾಳೆ ಉಪ್ಪುಗಾಳಿ ಕುಡಿದಿಲ್ಲ.
ಎರಡನೇ ವಾರಕ್ಕೇ ಬೋಲ್ಟುಗಳ ಕಣ್ಣು ಕೆಂಪು,
ಐದನೇ ಕಂಬದ ರಬ್ಬರನ್ನು ಹದ್ದೊಂದು ಕಿತ್ತು ರುಚಿ ನೋಡಿದೆ,
ಕೇಬಲ್ಲಿನ ಗಂಟಿನಲ್ಲಿ ಒಂದು ಚಮಚ ಮಳೆ.
ಎಲ್ಲ ಬರೆದುಕೊಂಡೆ. ಇವೆಲ್ಲ ಅರ್ಥವಾಗುವ ರೋಗಗಳು.

ಅರ್ಥವಾಗದ್ದು ಏಳರಿಂದ ಎಂಟಕ್ಕೆ ಹಾಯುವ ಕೊಂಡಿ.
ನಡುವೆ ನಾಲ್ಕು ಕಿಲೋಮೀಟರ್ ಬರೀ ನೀರು.
ಮರವಿಲ್ಲ, ಗುಡ್ಡವಿಲ್ಲ, ಮೋಡವೂ ಇಲ್ಲ,
ಹಾಡುಹಗಲಲ್ಲಿ ಸಿಗ್ನಲ್ ಬಾವಿಗೆ ಬಿದ್ದ ಕೊಡದಂತೆ
ಇಳಿದು ಇಳಿದು ಕಾಣೆ.
ಇಪ್ಪತ್ತು ನಿಮಿಷ.
ಆಮೇಲೆ ಏನೂ ಆಗದವರ ಹಾಗೆ ತಾನೇ ಎದ್ದು ಬರುತ್ತದೆ.

ಕೇಬಲ್ ಬದಲಿಸಿದೆ. ರೇಡಿಯೋ ಬದಲಿಸಿದೆ.
ಎಂಟನೇ ಕಂಬವನ್ನು ಅರ್ಧ ಬೆರಳಿನಷ್ಟು ತಿರುಗಿಸಿ, ಮತ್ತೆ ಮರಳಿಸಿ,
ಯಾರೂ ಕೇಳದ ಜಾಗದಲ್ಲಿ ನಿಂತು ಬೈದೆ.

ಎದೆಲ್ಮೀರಾ ಒಲೆಯ ಪಕ್ಕ ಚಿಪ್ಪು ಬಿಡಿಸುತ್ತಿದ್ದಳು.
'ಓದು ನೆಲ್ದಾ, ಏನದು ಲೆಕ್ಕ?'
ಓದಿದೆ: ಸೋಮವಾರ ಏಳೂ ಹತ್ತು,
ಮಂಗಳವಾರ ಎಂಟು,
ಬುಧವಾರ ಎಂಟೂ ಐವತ್ತು...
ಚಾಕು ನಿಂತಿತು.
'ದಿನಕ್ಕೆ ಐವತ್ತು ನಿಮಿಷ ತಡ ಮಾಡುವವರು
ಈ ಊರಲ್ಲಿ ಇನ್ಯಾರಿದ್ದಾರೆ ಹೇಳು?'
ನಾನು ಸುಮ್ಮನಿದ್ದೆ.
'ಚಂದ್ರ ಕಣೇ! ಅವನ ಬೆನ್ನಿಗೆ ಸಮುದ್ರ. ಅದರ ಬೆನ್ನಿಗೆ ನಾನು, ಬುಟ್ಟಿ ಹಿಡಿದು.
ಅಲ್ಲಿ ನೋಡು, ಆ ಕರಿಬಂಡೆ.
ನೀರು ಅದರ ಕೊರಳಿಗೆ ಇಳಿದಾಗ ನಾನು ಕೆಸರಿಗೆ ಇಳಿಯುತ್ತೇನೆ,
ಕೊರಳಿಗೆ ಏರಿದಾಗ ಹತ್ತಿ ಬರುತ್ತೇನೆ.
ನಿನ್ನ ಯಂತ್ರ ನಿದ್ದೆ ಹೋಗುವುದೂ ಆಗಲೇ.'

ಮರುದಿನ ದಡದ ಕಲ್ಲಿನ ಮೇಲೆ ಕೂತೆವು,
ಅವಳ ಕಣ್ಣು ಬಂಡೆಯಲ್ಲಿ, ನನ್ನದು ಅಂಕಿಯಲ್ಲಿ.
ಎದೆ. ಭುಜ. ಕೊರಳು.
ಹೋಯಿತು.

ಒಂದು ಮಾತು ನೇರ ಹೋಗುತ್ತದೆ,
ಅದೇ ಮಾತು ನೀರ ಕನ್ನಡಿಯಲ್ಲಿ ಮುಖ ನೋಡಿಕೊಂಡು
ಒಂದು ಕ್ಷಣ ತಡವಾಗಿ ಬರುತ್ತದೆ.
ನೀರು ಅಷ್ಟೇ ಎತ್ತರದಲ್ಲಿ ನಿಂತಾಗ
ಬಾಗಿಲಲ್ಲಿ ಎರಡೂ ಎದುರುಬದುರಾಗಿ
ಒಂದನ್ನೊಂದು ಅಳಿಸಿಹಾಕುತ್ತವೆ.
ನಿಜವೂ ಅದರ ನೆರಳೂ. ಉಳಿಯುವುದು ಮೌನ.
ಇದನ್ನು ನಾನು ಕಾಲೇಜಿನಲ್ಲಿ ಓದಿದ್ದೆ. ಅಂಕವೂ ಬಂದಿತ್ತು.

ಅದೇ ಕಂಬಕ್ಕೆ, ಎರಡು ಮೊಳ ಕೆಳಗೆ,
ಇನ್ನೊಂದು ಆಂಟೆನಾ ಕಟ್ಟಿದೆವು.
ಮೇಲಿನದು ಕಿವುಡಾದ ಹೊತ್ತಿಗೆ ಕೆಳಗಿನದಕ್ಕೆ ಕೇಳುತ್ತದೆ;
ಕೆಳಗಿನದರ ಸರದಿ ಬಂದಾಗ ಮೇಲಿನದು ಎಚ್ಚರ.
ಹನ್ನೊಂದು ದಿನ ಕಳೆಯಿತು, ಕೊಂಡಿ ಬಿದ್ದಿಲ್ಲ.

ವರದಿಯ ನಮೂನೆಯಲ್ಲಿ 'ವೈಫಲ್ಯದ ಕಾರಣ' ಎಂಬ ಕಲಂ.
ಸಾಧನ, ವಿದ್ಯುತ್, ಹವೆ, ಮನುಷ್ಯ;
ಒಂದಕ್ಕೆ ಗುರುತು ಹಾಕಬೇಕು.
ಚಂದ್ರನಿಗೆ ಚೌಕವಿಲ್ಲ.
'ಇತರೆ'ಗೆ ಹಾಕಿ, ಕೆಳಗೆ ಬರೆದೆ:
ಪತ್ತೆ ಮಾಡಿದವರು, ಎದೆಲ್ಮೀರಾ ನಾವೆಲ್ಕಿನ್,
ಉಪಕರಣ, ಒಂದು ಬಂಡೆ.

ಎಲ್ಯೂತೇರಿಯೋ ಎರಡು ಸಲ ಬಂದುಹೋದ.
ಏಣಿ ಇನ್ನೂ ಕಂಬಕ್ಕೇ ಒರಗಿದೆ.