ಏಸಿ ರಿಪೇರಿಯ ರಸೀದಿ

ಮನಾಮಾದ ಹಳೇ ಸೂಕಿನ ಹಿಂದಿನ ಗಲ್ಲಿ,
ನನ್ನ ಟೈಪಿಂಗ್ ಅಂಗಡಿ.
ವೀಸಾ, ಬಾಡಿಗೆ ಕರಾರು, ಕ್ಷಮಾದಾನದ ಅರ್ಜಿ;
ಅರಬ್ಬಿ ಬಲದಿಂದ ಎಡಕ್ಕೆ,
ಇಂಗ್ಲಿಷು ಎಡದಿಂದ ಬಲಕ್ಕೆ,
ನಡುವೆ ಸಿಕ್ಕಿಕೊಂಡವರು ಕುರ್ಚಿಯ ತುದಿಯಲ್ಲಿ.

ಮಸ್ಕಿ ಕಡೆಯ ಹುಲಿಗೆಮ್ಮ ಬಂದು ಕೂತಳು,
ಜೊತೆಗೆ ಎಂಟರ ಹುಡುಗಿ.
ಹೆಸರು? ಮುತ್ತವ್ವ.
ಹುಟ್ಟಿದ ಸ್ಥಳ?
"ಇಲ್ಲೇ ರೀ, ಮುಹರಕ್‌ದಾಗ, ಮಾಳಿಗಿ ಮ್ಯಾಲಿನ ಖೋಲಿ.
ದವಾಖಾನಿಗೆ ಹೋದ್ರ ಲಗ್ನದ ಕಾಗದ ಕೇಳ್ತಿದ್ರು."
ಹೆರಿಗೆ ಮಾಡಿಸಿದ್ದು?
ಪಕ್ಕದ ಹಾಸಿಗೆಯ ಮಾರಿಸೆಲ್. ಹೋದ ವರ್ಷ ಅವಳೂ ಊರಿಗೆ ಹೋದಳು.
ತಾರೀಖು?

ಕುಪ್ಪಸದೊಳಗಿಂದ ಒಂದು ಪ್ಲಾಸ್ಟಿಕ್ ಚೀಲ,
ಚೀಲದೊಳಗೊಂದು ಚೀಲ, ಅದರೊಳಗೆ
ಮಡಿಕೆಯಲ್ಲೇ ಹರಿಯತೊಡಗಿದ ಹಳದಿ ಚೀಟಿ.
"ಇಕಿ ಹುಟ್ಟಿದ ರಾತ್ರಿ ಏಸಿ ಕೆಟ್ಟಿತ್ತು ರೀ.
ಮರುದಿನ ಮುಂಜಾನೆ ಬಂದು ರಿಪೇರಿ ಮಾಡ್ಯಾರ."

ಆಗಸ್ಟ್ ಹದಿನೇಳು. ಕಂಪ್ರೆಸರ್ ಒಂದು, ಗ್ಯಾಸ್, ಕೂಲಿ.
ಕೆಳಗೆ ಸಹಿ, ನೀಲಿ ಮೊಹರು.
ಏಸಿ ಬದುಕಿಕೊಂಡದ್ದಕ್ಕೆ ಸಾಕ್ಷಿ ಇದೆ.

ನಾನು ಹದಿನಾರು ಎಂದು ಒತ್ತಿದೆ.

ಇನ್ನು ತಂದೆಯ ಹೆಸರು.
ಹೋದ ತಿಂಗಳ ತನಕ ಆ ಕಲಮಿನ ಪಕ್ಕ
ಸಣ್ಣದೊಂದು ಕೆಂಪು ನಕ್ಷತ್ರವಿತ್ತು.
ಖಾಲಿ ಬಿಟ್ಟರೆ ಪರದೆ ಕದಲುತ್ತಿರಲಿಲ್ಲ.
ಎಷ್ಟು ಹೆಂಗಸರು ಎದ್ದು ಹೋದರೋ ಈ ಕುರ್ಚಿಯಿಂದ.
ಒಬ್ಬಳಂತೂ, "ನಿನ್ನ ಹೆಸರನ್ನೇ ಹಾಕಿಬಿಡು ಅಣ್ಣಾ" ಅಂದಿದ್ದಳು;
ನಾನು ಎದ್ದು ಹೋಗಿ ನೀರು ಕುಡಿದಿದ್ದೆ.

ಈಗ ಹೊಸ ಕಾನೂನಂತೆ.
ಯಾವ ಸಭೆಯಲ್ಲಿ ಯಾರು ಕೈ ಎತ್ತಿದರೋ,
ಗೆಜೆಟ್ ನಾನು ಓದಿಲ್ಲ.
ನನಗೆ ತಿಳಿದ ಶಾಸನ ಇಷ್ಟು:
ನಕ್ಷತ್ರ ಇಲ್ಲ.
ಖಾಲಿ ಬಿಟ್ಟು ಮುಂದಕ್ಕೆ ಒತ್ತಿದೆ.
ಹೋಯಿತು.

"ಇಷ್ಟ ಏನ್ರಿ?" ಅಂದಳು ಹುಲಿಗೆಮ್ಮ.
ಇಷ್ಟೇ ಅನ್ನಲು ನಾಲಿಗೆ ಏಳಲಿಲ್ಲ.
ಇನ್ನೂ ಕಚೇರಿ ಇದೆ, ರಕ್ತಪರೀಕ್ಷೆ ಇದೆ,
ದೂತಾವಾಸದ ಮೂರನೇ ಕಿಟಕಿ ಇದೆ.
ಮೆಟ್ಟಿಲಲ್ಲಿ ಬೂಟಿನ ಸದ್ದಾದರೆ
ಮಂಚದಡಿಗೆ ಸರಿಯಲು ಕಲಿತ ಹುಡುಗಿಗೆ
ಹೊರಗೆ ನಿಲ್ಲುವುದನ್ನು ಯಾವ ಫಾರಮ್ಮು ಕಲಿಸುತ್ತದೆ,
ಅದೂ ಗೊತ್ತಿಲ್ಲ.

ಮೂಲ ಚೀಟಿಯನ್ನು ಅರ್ಜಿಗೆ ಪಿನ್ ಹೊಡೆಯುವಾಗ
ಅವಳು ಮೊದಲ ಸಲ ಬಾಯಿ ಬಿಟ್ಟಳು:
"ಅದು ನಂದು."

ಝೆರಾಕ್ಸ್ ತೆಗೆದು ಕೊಟ್ಟೆ. ಲೆಕ್ಕಕ್ಕೆ ಹಿಡಿಯಲಿಲ್ಲ.
ಇನ್ನೂ ಬಿಸಿಯಾಗಿತ್ತು ಕಾಗದ.
ಕೆನ್ನೆಗೊತ್ತಿಕೊಂಡು ನಿಂತಳು,
ಗಡಗಡ ಅನ್ನುವ ನನ್ನ ಏಸಿಯ ಕೆಳಗೆ.