ಎಡಗಡೆಯಿಂದ

ಕುದುರೆಯನ್ನು ಎಡಗಡೆಯಿಂದಲೇ ಹತ್ತಬೇಕು.
ಹಾಗಾಗಿಯೇ ಸಾಗರ ರಸ್ತೆಯ ಆ ಮದುವೆಯಲ್ಲಿ
ಗಂಡು ಬಿದ್ದ.
ಪೇಟ ಉರುಳಿ ಬ್ಯಾಂಡಿನವರ ಕಾಲಡಿ ಹೋಯಿತು,
ಕ್ಲಾರಿನೆಟ್ಟಿನವ ಎರಡು ಸ್ವರ ಹೆಚ್ಚಿಗೆ ಊದಿದ.
ಹನ್ನೊಂದು ವರ್ಷದಲ್ಲಿ ಚಾಂದನಿ
ಯಾವ ಮದುಮಗನಿಗೂ ಬೆನ್ನು ಕೊಡವಿದವಳಲ್ಲ.

ದೃಷ್ಟಿಯಾಗಿದೆ, ಅಂದರು ಎಲ್ಲರೂ.
ಬುಡೇನ್ ಸಾಬ ನಿಂಬೆಹಣ್ಣು ಕಟ್ಟಿದ, ಲೋಬಾನ ಹಾಕಿದ,
ದರ್ಗಾದಿಂದ ತಾಯಿತ ತಂದ.
ಪಕ್ಕದ ಮನೆ ರುದ್ರಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ
ಒಲೆಗೆ ಹಾಕಿದಳು. ಚಟಪಟ ಅಂತು, ಘಾಟೇ ಬರಲಿಲ್ಲ.
ನೋಡಿ, ಎಂಥ ಗಟ್ಟಿ ದೃಷ್ಟಿ!
ದೃಷ್ಟಿ ಹೋಗುತ್ತಿದೆ ಅಂತ ಮಾತ್ರ
ಯಾರ ಬಾಯಿಗೂ ಬರಲಿಲ್ಲ.

ಕಂಡವಳು ಮೊಮ್ಮಗಳು ಜುಲೇಖಾ, ಮೂರನೇ ಕ್ಲಾಸು.
ಬೆಲ್ಲ ತಿನಿಸುತ್ತಾ ಮೂಗಿಗೆ ಮೂಗು ತಾಗಿಸಿ,
"ದಾದಾ, ಇವಳ ಕಣ್ಣೊಳಗೆ ಶಾವಿಗೆ ಈಜ್ತಾ ಇದೆ."
ಅವನು ಬೈದ. ಆಮೇಲೆ ಕನ್ನಡಕ ಹಾಕಿ ನೋಡಿದ.
ಆಮೇಲೆ ಸೀಗೆಹಟ್ಟಿಯಿಂದ ನಮ್ಮ ಆಸ್ಪತ್ರೆಯವರೆಗೂ
ಗೋಪಿ ಸರ್ಕಲ್ಲಿನ ಹಾರ್ನುಗಳ ನಡುವೆ
ನಡೆಸಿಕೊಂಡೇ ಬಂದ, ಅವಳ ಎಡಕ್ಕೆ ತಾನೇ ಗೋಡೆಯಾಗಿ.

ನಾನು ಅಲ್ಲಿ ಅಟೆಂಡರ್, ಇಪ್ಪತ್ತಾರು ವರ್ಷದ ಸರ್ವಿಸು.
ಎಮ್ಮೆಯ ಬಸಿರೊಳಗೆ ಭುಜದವರೆಗೆ ಕೈ ಹಾಕಿದ್ದೇನೆ.
ಹಸುವಿನ ಹೊಟ್ಟೆಯಿಂದ ತಾಳಿ ತೆಗೆದದ್ದನ್ನು ನೋಡಿದ್ದೇನೆ,
ಒಡತಿ ಅದನ್ನು ತೊಳೆಯದೆ ಕೊರಳಿಗೆ ಹಾಕಿಕೊಂಡದ್ದನ್ನೂ.
ಇದನ್ನು ನೋಡಿರಲಿಲ್ಲ.
ಟಾರ್ಚು ಹಿಡಿದೆ.
ನೇರಳೆಹಣ್ಣಿನಂಥ ಕಣ್ಣು, ಮೇಲೆ ಹಾಲಿನ ಕೆನೆ,
ಕೆನೆಯ ಹಿಂದೊಂದು ಬಿಳಿ ನೂಲು
ಬರೆಯುತ್ತಿತ್ತು, ಅಳಿಸುತ್ತಿತ್ತು.
ಮೊದಲು 'ರ' ಆಯಿತು, ಆಮೇಲೆ 'ಲ',
ಆಮೇಲೆ ನನಗೆ ಬಾರದ ಯಾವುದೋ ಲಿಪಿ.
ಬೆಳಕು ಬಿದ್ದ ಕಡೆಯಿಂದ ಓಡುತ್ತಿತ್ತು.
ಓಡಿ ಎಲ್ಲಿಗೆ ಹೋಗುತ್ತೆ? ಕಣ್ಣಷ್ಟೇ ಅದರ ಊರು.

ಡಾಕ್ಟರಮ್ಮ ಕೇಳಿದರು, ರಾತ್ರಿ ಎಲ್ಲಿ ಕಟ್ತೀರಿ?
ರುದ್ರಮ್ಮನ ಕೊಟ್ಟಿಗೆ ಪಕ್ಕ ಅಮ್ಮ,
ನಾಲ್ಕು ಹಸು, ಒಂದು ಎಮ್ಮೆ, ಮುಂದೆ ಚರಂಡಿ.
ಇದು ದನದ ಹೊಟ್ಟೆಯ ಹುಳ ಕಣಪ್ಪ,
ಅಲ್ಲಾದರೆ ತನ್ನ ಪಾಡಿಗೆ ತಾನು ಬಾಳುತ್ತೆ.
ಸೊಳ್ಳೆ ಹೊತ್ತು ತಂದು ತಪ್ಪು ಮನೆಯಲ್ಲಿ ಇಳಿಸಿದೆ.
ಮೈಯೆಲ್ಲ ಅಲೆದು ಅಲೆದು ಇಲ್ಲಿಗೆ ಬಂದಿದೆ.
"ಪಾಪ," ಅಂದ ಬುಡೇನ್ ಸಾಬ.
ಯಾರಿಗೆ ಅಂದನೋ.

ಕತ್ತಿನ ನರಕ್ಕೆ ಮದ್ದು. ಚಾಂದನಿಯ ತಲೆ
ನನ್ನ ಹೆಗಲ ಮೇಲೆ ಭಾರವಾಯಿತು, ಕೆಳತುಟಿ ಜೋತಿತು.
ರೆಪ್ಪೆಗೆ ಮರಗಟ್ಟಿಸುವ ಸೂಜಿ, ಕಣ್ಣಿಗೆ ಹನಿ, ಮತ್ತೆ ಹನಿ.
ಡಾಕ್ಟರಮ್ಮ ಉಸಿರು ಹಿಡಿದರು, ನಾನೂ ಹಿಡಿದೆ,
ಬಾಗಿಲಲ್ಲಿ ಕಾಯುತ್ತಿದ್ದ ಜ್ವರದ ಆಡೊಂದನ್ನು ಬಿಟ್ಟು
ಎಲ್ಲರೂ ಹಿಡಿದರು.
ಕಪ್ಪು ಬಿಳುಪು ಕೂಡುವ ಅಂಚಿನಲ್ಲಿ ಸೂಜಿಯ ಮೊನೆ.
ಚಿಮ್ಮಿತು ನೀರು, ನೀರಿನ ಜೊತೆ ಅದು,
ನನ್ನ ಮುಂಗೈ ಮೇಲೆ.
ತಣ್ಣಗಿದ್ದೀತು ಅಂದುಕೊಂಡಿದ್ದೆ.
ಚಾಂದನಿಯಷ್ಟೇ ಬೆಚ್ಚಗಿತ್ತು.
ಎರಡು ಬೆರಳಗಲ. ಇನ್ನೂ ಬರೆಯುತ್ತಿತ್ತು.

ಈಗ ಸೀಸೆಯಲ್ಲಿದೆ, ಕಪಾಟಿನ ಎರಡನೇ ಅಂತಸ್ತು.
ಚೀಟಿ ಬರೆದವನು ನಾನೇ: ಹೆಣ್ಣು ಕುದುರೆ, ಎಡಗಣ್ಣು, ತಾರೀಕು.
ವಿಳಾಸ ಅನ್ನುವಲ್ಲಿ ಸಾಬನ ವಿಳಾಸವನ್ನೇ ಹಾಕಿದೆ,
ಸೀಗೆಹಟ್ಟಿ, ಶಿವಮೊಗ್ಗ.

ಕೆನೆ ಪೂರ್ತಿ ಹೋಗಲಿಲ್ಲ,
ಹಳೆ ಕನ್ನಡಿಯ ಮಚ್ಚೆಯಷ್ಟು ಉಳಿದುಕೊಂಡಿತು.
ಮದುಮಕ್ಕಳನ್ನು ಈಗ ಸಾಬ ಬಲಗಡೆಯಿಂದ ಹತ್ತಿಸುತ್ತಾನೆ.
ಯಾಕೆಂದು ಕೇಳಿದರೆ,
ಸೊಸೆ ಬಲಗಾಲಿಟ್ಟು ಬರೋದಿಲ್ಲವೇ ಸ್ವಾಮಿ, ಹಾಗೇ ಇದೂ, ಶುಭ.
ಈ ಬೇಸಗೆಯಲ್ಲಿ ಭದ್ರಾವತಿಯ ಕುದುರೆಯವರೂ
ಬಲಗಡೆಯಿಂದಲೇ ಹತ್ತಿಸಿದರಂತೆ.

ಕಟ್ಟಲು ಬೇರೆ ಜಾಗ ಸಿಗಲಿಲ್ಲ.
ಶಾಮಿಯಾನದ ಹರಕು ಜಾಲರಿ ಹೊಲಿದು
ಸೊಳ್ಳೆಪರದೆ ಮಾಡಿದ್ದಾರೆ, ಗುಲಾಬಿ ಬಣ್ಣದ್ದು.
ರಾತ್ರಿ ಪಾಳಿ ಮುಗಿಸಿ ಬರುವಾಗ ಸೈಕಲ್ಲು ನಿಲ್ಲಿಸುತ್ತೇನೆ.
ಒಳಗೆ ದೊಡ್ಡದೊಂದು ನೆರಳು, ನಿಂತೇ ನಿದ್ದೆ.
ಟಾರ್ಚು ಜೇಬಲ್ಲೇ ಇದೆ.
ಹಚ್ಚುವುದಿಲ್ಲ.